ಮಲೇರಿಯಾ ಪರಾವಲಂಬಿಯ ಜೀನೋಮ್ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯಲ್ಲಿ ರಕ್ತದ ಮಾದರಿ ತೆಗೆಯುವವರು, ಲ್ಯಾಬ್‌ನಲ್ಲಿ ಅದರಿಂದ ಡಿಎನ್‌ಎ ಬೇರ್ಪಡಿಸುವವರು, ಕಂಪ್ಯೂಟರ್ ಮುಂದೆ ಕೂತು ದತ್ತಾಂಶ ಓದುವವರು, ಕೊನೆಗೆ ವರದಿ ಕೈಗೆ ಬಂದಾಗ ಏನು ಮಾಡುವುದೆಂದು ಯೋಚಿಸುವ ಆರೋಗ್ಯಾಧಿಕಾರಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಬಹುಪಾಲು ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಪರಾವಲಂಬಿಯವು. ಇನ್ನೊಂದು ಪ್ರಭೇದವಾದ ವೈವ್ಯಾಕ್ಸ್‌ನ ತಕರಾರುಗಳೇ ಬೇರೆ, ಅದಕ್ಕೆ ಪ್ರತ್ಯೇಕ ಉತ್ತರವಿದೆ.

ಸ್ಲೈಡ್ ಇದೆ, ರ‍್ಯಾಪಿಡ್ ಟೆಸ್ಟ್ ಇದೆ. ಜೀನೋಮ್ ಓದುವುದು ಏತಕ್ಕೆ?

ರೋಗಿಗೆ ಮಲೇರಿಯಾ ಇದೆಯೇ ಎಂದು ತಿಳಿಯಲು ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಸ್ಲೈಡ್ ಸಾಕು. ಆ ಕೆಲಸಕ್ಕೆ ಜೀನೋಮ್, ಎಂದರೆ ಪರಾವಲಂಬಿಯ ಇಡೀ ಡಿಎನ್‌ಎ ಬರಹ, ಬೇಡವೇ ಬೇಡ. ಸ್ಲೈಡ್ ಹೇಳಲಾಗದ ಸಂಗತಿಗಳು ಬೇರೆ: ಈ ಪರಾವಲಂಬಿ ಯಾವ ಮದ್ದಿಗೆ ಬಗ್ಗುವುದಿಲ್ಲ, ರ‍್ಯಾಪಿಡ್ ಟೆಸ್ಟ್‌ನ ಕಣ್ಣು ತಪ್ಪಿಸುವ ತಳಿ ಊರಲ್ಲಿ ಹಬ್ಬುತ್ತಿದೆಯೇ, ಸೋಂಕು ಇಲ್ಲಿಯದೇ ಅಥವಾ ಹೊರಗಿನಿಂದ ಬಂದದ್ದೇ, ಲಸಿಕೆ ಗುರಿಯಿಡುವ ಪ್ರೋಟೀನು ಬದಲಾಗಿದೆಯೇ.

ಕ್ಲೋರೋಕ್ವಿನ್ ಕಥೆ ನೋಡಿ. ಆ ಮದ್ದಿಗೆ ಪ್ರತಿರೋಧ 1950ರ ದಶಕದ ಕೊನೆಯಲ್ಲಿ ಆಗ್ನೇಯ ಏಷ್ಯಾದಲ್ಲಿ ಕಾಣಿಸಿ, 1970ರ ದಶಕದ ಕೊನೆಗೆ ಪೂರ್ವ ಆಫ್ರಿಕಾ ತಲುಪಿತು. ಅದಕ್ಕೆ ಕಾರಣವಾದ ಪಿಎಫ್‌ಸಿಆರ್‌ಟಿ ಜೀನ್ ಗೊತ್ತಾದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಆ ಮದ್ದು ಕೈಬಿಟ್ಟಿತ್ತು. ಈಗಿನ ಮುಖ್ಯ ಮದ್ದಾದ ಆರ್ಟಿಮಿಸಿನಿನ್ ವಿಷಯದಲ್ಲಿ ಅಷ್ಟು ತಡವಾಗಲಿಲ್ಲ. ಪಶ್ಚಿಮ ಕಾಂಬೋಡಿಯಾದಲ್ಲಿ ಪರಾವಲಂಬಿಗಳು ರಕ್ತದಿಂದ ತೊಲಗುವುದು ನಿಧಾನವಾಗಿದೆ ಎಂಬ ವರದಿ ಬಂದ ಕೆಲವೇ ವರ್ಷಗಳಲ್ಲಿ, 2014ರಲ್ಲಿ, ಕೆಲ್ಚ್13 ಎಂಬ ಜೀನ್ ಗುರುತಾಯಿತು. ಆ ಮೇಲೆ ರುವಾಂಡಾದಲ್ಲಿ ಆರ್561ಎಚ್, ಉಗಾಂಡಾದಲ್ಲಿ ಎ675ವಿ ಮತ್ತು ಸಿ469ವೈ, ಎರಿಟ್ರಿಯಾ ಮತ್ತು ಇಥಿಯೋಪಿಯಾದಲ್ಲಿ ಆರ್622ಐ ರೂಪಾಂತರಗಳು ಕಂಡವು (ಹೆಸರಿನ ಸಂಖ್ಯೆ ಪ್ರೋಟೀನಿನಲ್ಲಿ ಬದಲಾದ ಕೊಂಡಿಯದು, ಅಕ್ಷರಗಳು ಅಲ್ಲಿನ ಹಳೆಯ ಮತ್ತು ಹೊಸ ಅಮೈನೋ ಆಮ್ಲದವು). ಇದೂ ಕ್ಲೋರೋಕ್ವಿನ್ ಹಾಗೆ ಏಷ್ಯಾದಿಂದ ವಲಸೆ ಬಂದಿರಬೇಕು ಎಂದು ಊಹಿಸುವುದು ಸಹಜ. ಆದರೆ ರುವಾಂಡಾದಲ್ಲಿ ಆ ರೂಪಾಂತರದ ಅಕ್ಕಪಕ್ಕದ ಡಿಎನ್‌ಎ ಓದಿದಾಗ ಅದು ಆಫ್ರಿಕಾದ ಮಣ್ಣಿನಲ್ಲೇ ಹುಟ್ಟಿದ್ದು ಎಂದು ಕಂಡಿತು. ಗಡಿಯಲ್ಲಿ ಕಾವಲು ಹಾಕಿದರೆ ನಿಲ್ಲುವ ಸಮಸ್ಯೆ ಅದಲ್ಲ ಎಂಬುದು ಯಾವ ಸ್ಲೈಡಿನಿಂದಲೂ ತಿಳಿಯುತ್ತಿರಲಿಲ್ಲ.

ಕೋವಿಡ್‌ನಲ್ಲಿ ವಂಶವೃಕ್ಷ ಬರೆದ ಹಾಗೆ ಇಲ್ಲೂ ಬರೆಯಬಹುದೇ?

ಬರೆಯಬಹುದು, ಆದರೆ ನಂಬುವ ಹಾಗಿಲ್ಲ. ಕೋವಿಡ್ ವೈರಸ್ಸಿನದು ಸುಮಾರು 30,000 ಅಕ್ಷರಗಳ (ಎಂದರೆ ರಾಸಾಯನಿಕ ಘಟಕಗಳ) ಜೀನೋಮ್, ತಿಂಗಳಿಗೆ ಸರಿಸುಮಾರು ಎರಡು ಬದಲಾವಣೆ. ಕ್ಷಯದ ಬ್ಯಾಕ್ಟೀರಿಯಾದ್ದು 44 ಲಕ್ಷ ಅಕ್ಷರ, ಎರಡು ವರ್ಷಕ್ಕೊಂದರಂತೆ ಬದಲಾವಣೆ. ಹಾಗಾಗಿ ಇಬ್ಬರು ಕ್ಷಯ ರೋಗಿಗಳ ಬ್ಯಾಕ್ಟೀರಿಯಾದಲ್ಲಿ 12ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಬ್ಬರಿಂದ ಒಬ್ಬರಿಗೆ ಇತ್ತೀಚೆಗೆ ಹರಡಿಲ್ಲ ಎನ್ನಬಹುದು. ಈ ಎರಡರಲ್ಲೂ ವಂಶ ನೇರವಾಗಿ ಇಳಿಯುತ್ತದೆ.

ಫಾಲ್ಸಿಪಾರಂನದು 2.3 ಕೋಟಿ ಅಕ್ಷರ, 14 ಕ್ರೋಮೋಸೋಮು, ಐದು ಸಾವಿರಕ್ಕೂ ಹೆಚ್ಚು ಜೀನ್. ಮುಖ್ಯ ಮಾತೆಂದರೆ ಸೊಳ್ಳೆಯ ಹೊಟ್ಟೆಯಲ್ಲಿ ಅದಕ್ಕೆ ಗಂಡು ಹೆಣ್ಣಿನ ಕೂಡಿಕೆ ಇದೆ. ಎರಡು ತಳಿ ಒಂದೇ ಸೊಳ್ಳೆಗೆ ಸೇರಿದರೆ ಇಸ್ಪೀಟು ಕಲಸಿದಂತೆ ಕ್ರೋಮೋಸೋಮುಗಳು ಬೆರೆಯುತ್ತವೆ. ಒಂದು ಜೀನ್‌ನ ವಂಶವೃಕ್ಷ ಒಂದು ಕಥೆ ಹೇಳಿದರೆ ಪಕ್ಕದ ಕ್ರೋಮೋಸೋಮಿನ ವೃಕ್ಷ ಇನ್ನೊಂದು ಹೇಳುತ್ತದೆ. ಆದ್ದರಿಂದ ಇಲ್ಲಿ ಅಳೆಯುವುದು ಹಂಚಿಕೆಯನ್ನು: ಎರಡು ಪರಾವಲಂಬಿಗಳು ಒಂದೇ ಪೂರ್ವಜನಿಂದ ಒಡೆಯದೆ ಪಡೆದ ತುಂಡುಗಳು ಜೀನೋಮಿನ ಎಷ್ಟು ಪಾಲು? ಪೂರ್ತಿ ಹೊಂದಿದರೆ ಒಂದೇ ತದ್ರೂಪು. ಅರ್ಧದ ಆಸುಪಾಸು ಹೊಂದಿದರೆ ಒಡಹುಟ್ಟು. ಪ್ರತಿ ಹೊರಸಂಬಂಧದ ಕೂಡಿಕೆಯಲ್ಲೂ ಈ ಪಾಲು ಅರ್ಧಕ್ಕಿಳಿಯುವುದರಿಂದ ನಾಲ್ಕೈದು ಸೊಳ್ಳೆ ದಾಟಿದ ಮೇಲೆ ನಂಟು ಹಿಡಿಯುವುದು ಕಷ್ಟ. ಬೆರೆಯದೆ ಇಳಿಯುವುದು ಕೋಶದೊಳಗಿನ ಎರಡು ಪುಟ್ಟ ಅಂಗಗಳಾದ ಮೈಟೋಕಾಂಡ್ರಿಯದ ಆರು ಸಾವಿರ ಅಕ್ಷರ ಮತ್ತು ಅಪಿಕೋಪ್ಲಾಸ್ಟ್‌ನ 35 ಸಾವಿರ ಅಕ್ಷರ ಮಾತ್ರ. ಯಾವ ಖಂಡದ ಪರಾವಲಂಬಿ ಎಂದು ಅಂದಾಜಿಸಲು ಅವು ಒದಗುತ್ತವೆ, ಯಾವ ಹಳ್ಳಿಯದು ಎಂದು ಹೇಳಲು ಅಲ್ಲ.

ಇಡೀ ಜೀನೋಮ್ ಓದಬೇಕೇ, ಆಯ್ದ ತುಣುಕು ಸಾಕೇ?

ಪ್ರಶ್ನೆ ಮೊದಲು ಬರೆದುಕೊಳ್ಳಿ, ವಿಧಾನ ಆಮೇಲೆ. ಗೊತ್ತಿರುವ ರೂಪಾಂತರ ಎಷ್ಟು ಹಬ್ಬಿದೆ ಎಂದು ನೋಡುವುದಾದರೆ ತುಣುಕು ಓದುವುದೇ ಜಾಣತನ: ಮದ್ದಿನ ಪ್ರತಿರೋಧಕ್ಕಾಗಿ ಕೆಲ್ಚ್13, ಸಿಆರ್‌ಟಿ (ಮೇಲಿನ ಪಿಎಫ್‌ಸಿಆರ್‌ಟಿ), ಎಂಡಿಆರ್1, ಡಿಎಚ್‌ಎಫ್‌ಆರ್, ಡಿಎಚ್‌ಪಿಎಸ್ ಜೀನುಗಳು ಮತ್ತು ಲಸಿಕೆಗಾಗಿ ಸಿಎಸ್‌ಪಿ. ಘಾನಾದಲ್ಲಿ ಈ ಆರೂ ಗುರಿಗಳನ್ನು ನ್ಯಾನೋಪೋರ್ ಎಂಬ ಡಿಎನ್‌ಎ ಓದುವ ಯಂತ್ರದಲ್ಲಿ ಅಲ್ಲಿಯೇ ಓದಿ ತೋರಿಸಿದ್ದಾರೆ. ಮೆಕಾಂಗ್ ಪ್ರದೇಶದ ಜೆನ್‌ರೀ ಮೆಕಾಂಗ್ ಯೋಜನೆ ಮದ್ದಿನ ಜೀನುಗಳ ಜೊತೆಗೆ ಜೀನೋಮಿನುದ್ದಕ್ಕೂ ಹರಡಿದ 101 ಜಾಗಗಳ ಅಕ್ಷರಗಳನ್ನು ಪರಾವಲಂಬಿಯ ಗುರುತಿನ ಬಾರ್‌ಕೋಡ್ ಆಗಿ ಇಟ್ಟುಕೊಂಡಿತ್ತು. ಇಂಥ ಕೆಲಸಕ್ಕೆ ಬೆರಳು ಚುಚ್ಚಿದ ರಕ್ತ ಸಾಕು.

ಹೊಸ ರೂಪಾಂತರ ಹುಡುಕುವುದು, ಆಯ್ಕೆಯ ಒತ್ತಡ ಜೀನೋಮಿನ ಎಲ್ಲಿ ಬಿದ್ದಿದೆ ಎಂದು ನೋಡುವುದು, ಪ್ರತಿರೋಧ ಎಲ್ಲಿ ಹುಟ್ಟಿತು ಎಂದು ಕೇಳುವುದು, ಇವಕ್ಕೆ ಇಡೀ ಜೀನೋಮ್ ಬೇಕು. ಅನುದಾನದ ಅರ್ಜಿಯಲ್ಲಿ ಭಾರವಾಗಿ ಕಾಣಲಿ ಎಂದು ಎಲ್ಲ ಮಾದರಿಗೂ ಇಡೀ ಜೀನೋಮ್ ಎಂದು ಬರೆಯುವುದುಂಟು. ಪರಾವಲಂಬಿ ಕಡಿಮೆ ಇರುವ ಮಾದರಿಗಳೆಲ್ಲ ವಿಫಲವಾಗಿ, ಜ್ವರದಲ್ಲಿ ಬೆಂದ ರೋಗಿಗಳ ಮಾದರಿ ಮಾತ್ರ ಉಳಿದು, ಊರಿನ ಚಿತ್ರವೇ ಓರೆಯಾಗುತ್ತದೆ. ಎಲ್ಲರದೂ ತುಣುಕು ಓದಿ, ಅದರಲ್ಲಿ ಆರಿಸಿದ ಕೆಲವರದು ಪೂರ್ತಿ ಓದುವುದು ನಮ್ಮ ಶಿಫಾರಸು.

ಒಣ ರಕ್ತದ ಚುಕ್ಕೆ ಸಂಗ್ರಹಿಸುವ ಸರಿಯಾದ ಕ್ರಮ ಯಾವುದು?

ಈ ಹಂತದಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಯಂತ್ರವೂ ಸರಿಪಡಿಸುವುದಿಲ್ಲ, ಹಾಗಾಗಿ ವಿವರವಾಗಿಯೇ ಹೇಳುತ್ತೇವೆ.

ಮೊದಲು ರಕ್ತ ಹೀರುವ ಕಾಗದದ (ಫಿಲ್ಟರ್ ಪೇಪರ್) ಮೇಲೆ ಗುರುತಿನ ಸಂಖ್ಯೆ ಬರೆಯಿರಿ ಅಥವಾ ಬಾರ್‌ಕೋಡ್ ಅಂಟಿಸಿ, ಆಮೇಲೆ ಚುಚ್ಚಿ. ಚುಚ್ಚಿದ ಮೇಲೆ ಬರೆಯುತ್ತೇನೆಂದರೆ ಸಾಲಿನಲ್ಲಿ ಹತ್ತು ಜನ ಕೂತಾಗ ಅದಲುಬದಲಾಗಿಯೇ ತೀರುತ್ತದೆ. ಸ್ಪಿರಿಟ್ ಪೂರ್ತಿ ಆರಲಿ. ಮೊದಲ ಹನಿ ಒರೆಸಿ ಬಿಡಿ. ಬೆರಳನ್ನು ಹಿಂಡಬೇಡಿ, ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳ್ಳಗಾಗುತ್ತದೆ. ಪ್ರತಿ ವೃತ್ತಕ್ಕೆ ಸುಮಾರು 50 ಮೈಕ್ರೋಲೀಟರ್, ಮೂರು ವೃತ್ತ ಸಿಕ್ಕರೆ ಒಳ್ಳೆಯದು. ಹನಿ ಕಾಗದದ ಹಿಂಬದಿಗೂ ಇಳಿದು ಅಲ್ಲಿಯೂ ವೃತ್ತ ಕಾಣಬೇಕು. ಮೇಲೆ ಮಾತ್ರ ಹೆಪ್ಪುಗಟ್ಟಿ ಹಿಂದೆ ಬಿಳಿ ಉಳಿದರೆ ಆ ಚುಕ್ಕೆ ಅರ್ಧ ಖಾಲಿ. ಒಂದರ ಮೇಲೊಂದು ಹನಿ ಹಾಕಿ ತುಂಬಿಸುವುದೂ ಬೇಡ.

ಒಣಗಿಸುವುದು ನೆರಳಿನಲ್ಲಿ, ಅಡ್ಡಲಾಗಿ, ಕನಿಷ್ಠ ಮೂರ್ನಾಲ್ಕು ಗಂಟೆ. ಮಳೆಗಾಲದ ಕರಾವಳಿಯಂಥ ಜಾಗದಲ್ಲಿ ರಾತ್ರಿಯಿಡೀ ಫ್ಯಾನಿನ ಕೆಳಗೆ ಬೇಕಾಗುತ್ತದೆ. ಬಿಸಿಲಿಗಿಟ್ಟರೆ ಡಿಎನ್‌ಎ ತುಂಡಾಗುತ್ತದೆ. ನೊಣ, ಇರುವೆ ಮುತ್ತದಂತೆ ಬಲೆ ಮುಚ್ಚಿ. ಆಮೇಲೆ ಪ್ರತಿ ಕಾಗದವೂ ತನ್ನದೇ ಜಿಪ್ ಚೀಲಕ್ಕೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವಸೂಚಕ ಕಾರ್ಡು. ಕಾರ್ಡಿನ ಬಣ್ಣ ತಿರುಗಿದ ದಿನವೇ ಪೊಟ್ಟಣ ಬದಲಿಸಿ. ಪೂರ್ತಿ ಒಣಗದ ಕಾಗದವನ್ನು ಚೀಲಕ್ಕೆ ಹಾಕಿದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಕೆಲವು ವಾರ ಕೋಣೆಯ ಉಷ್ಣತೆಯಲ್ಲಿ ಇಡಬಹುದು, ಅದಕ್ಕಿಂತ ಹೆಚ್ಚಾದರೆ ಮೈನಸ್ 20 ಡಿಗ್ರಿ. ಫ್ರೀಜರಿನಿಂದ ತೆಗೆದ ಚೀಲವನ್ನು ಕೂಡಲೇ ತೆರೆಯಬೇಡಿ. ಕೋಣೆಯ ಉಷ್ಣತೆಗೆ ಬರುವ ಮುಂಚೆ ತೆರೆದರೆ ಗಾಳಿಯ ತೇವವೆಲ್ಲ ಕಾಗದದ ಮೇಲೆ ಕೂರುತ್ತದೆ.

ಚುಕ್ಕೆಯಷ್ಟೇ ಬೆಲೆ ಅದರ ಜೊತೆಗಿನ ಚೀಟಿಗೂ ಇದೆ. ದಿನಾಂಕ, ಜಾಗ, ವಯಸ್ಸು, ಕಳೆದ ಎರಡು ವಾರದಲ್ಲಿ ತೆಗೆದುಕೊಂಡ ಮಲೇರಿಯಾ ಮದ್ದು, ಕಳೆದ ಒಂದೆರಡು ತಿಂಗಳಲ್ಲಿ ಮಾಡಿದ ಪ್ರಯಾಣ, ಸ್ಲೈಡಿನ ಎಣಿಕೆ. ಈ ಆರು ಕಾಲಂ ಖಾಲಿ ಇರುವ ಸಾವಿರ ಜೀನೋಮಿಗಿಂತ ತುಂಬಿದ ಇನ್ನೂರು ವಾಸಿ.

ಸಿರೆಯಿಂದ ರಕ್ತ ತೆಗೆಯಬೇಕಾದದ್ದು ಯಾವಾಗ?

ಇಡೀ ಜೀನೋಮ್ ಉತ್ತಮ ಗುಣಮಟ್ಟದಲ್ಲಿ ಬೇಕಾದಾಗ, ಅದರಲ್ಲೂ ಜೀನ್ ಪ್ರತಿಗಳ ಸಂಖ್ಯೆ ಎಣಿಸಬೇಕಾದಾಗ. 2ರಿಂದ 5 ಮಿಲಿಲೀಟರ್, ಇಡಿಟಿಎ ಟ್ಯೂಬಿನಲ್ಲಿ. ಹೆಪಾರಿನ್ ಬೇಡ, ಅದು ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್‌ಗೆ ಅಡ್ಡಿ. ಬಿಳಿ ರಕ್ತಕಣಗಳನ್ನು ಸೆಲ್ಯುಲೋಸ್ ಕಾಲಂ ಅಥವಾ ಫಿಲ್ಟರ್‌ನಲ್ಲಿ ಶೋಧಿಸಿ ತೆಗೆಯುವುದು ಕೆಲವೇ ಗಂಟೆಗಳೊಳಗೆ, ಫ್ರೀಜ್ ಮಾಡುವುದಕ್ಕೆ ಮುಂಚೆ. ಈ ಅನುಕ್ರಮ ತಪ್ಪುವವರು ಬಹಳ. ಒಮ್ಮೆ ಫ್ರೀಜ್ ಮಾಡಿದರೆ ಬಿಳಿ ಕಣಗಳು ಒಡೆದು ಅವುಗಳ ಡಿಎನ್‌ಎ ದ್ರವಕ್ಕೆ ಸೇರುತ್ತದೆ. ಆ ಮೇಲೆ ಶೋಧಿಸುವುದು ಹಾಲಿಗೆ ಬಿದ್ದ ನೀರನ್ನು ಸೋಸಿದಂತೆ.

ಮನುಷ್ಯನ ಡಿಎನ್‌ಎ ಅಷ್ಟೊಂದು ತೊಂದರೆ ಕೊಡುತ್ತದೆಯೇ?

ಲೆಕ್ಕ ಹಾಕೋಣ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 8,000 ಬಿಳಿ ಕಣ, ಪ್ರತಿಯೊಂದರಲ್ಲೂ 6.6 ಪಿಕೋಗ್ರಾಂ ಡಿಎನ್‌ಎ. ಒಟ್ಟು 53,000 ಪಿಕೋಗ್ರಾಂ. ಅದೇ ಹನಿಯಲ್ಲಿ 1,000 ಪರಾವಲಂಬಿ ಇದ್ದರೆ, ಒಂದೊಂದರದು 0.024 ಪಿಕೋಗ್ರಾಂನಂತೆ, ಒಟ್ಟು 24. ಅಂದರೆ ಯಂತ್ರ ಓದುವ ಎರಡು ಸಾವಿರ ತುಣುಕುಗಳಲ್ಲಿ ಒಂದು ಪರಾವಲಂಬಿಯದು. ಪ್ರತಿ ಜಾಗವನ್ನೂ ಸರಾಸರಿ 50 ಸಲ ಓದಬೇಕೆಂದರೆ ಪರಾವಲಂಬಿಯ 115 ಕೋಟಿ ಅಕ್ಷರ ಬೇಕು. ಅದಕ್ಕಾಗಿ ಒಟ್ಟು ಓದಬೇಕಾದದ್ದು ಎರಡು ಲಕ್ಷ ಕೋಟಿಗೂ ಹೆಚ್ಚು. ದುಡ್ಡೆಲ್ಲ ಮನುಷ್ಯನ ಜೀನೋಮ್ ಓದುವುದಕ್ಕೇ ಸುರಿದಂತೆ.

ಪರಿಹಾರಕ್ಕೆ ಎರಡು ದಾರಿ. ಒಂದು ಮೇಲೆ ಹೇಳಿದ ಶೋಧನೆ. ಇನ್ನೊಂದು ಆಯ್ದು ಹಿಗ್ಗಿಸುವುದು: ಪರಾವಲಂಬಿಯ ಡಿಎನ್‌ಎಯಲ್ಲಿ ಹೇರಳವಾಗಿ, ಮನುಷ್ಯನದರಲ್ಲಿ ವಿರಳವಾಗಿ ಬರುವ ಚಿಕ್ಕ ಅಕ್ಷರಗುಚ್ಛಗಳಿಗೆ ಪ್ರೈಮರ್ (ಪ್ರತಿ ಶುರುಮಾಡಿಸುವ ತುಂಡು) ಮಾಡಿ, ಫೈ29 ಎಂಬ ಪ್ರತಿ ಮಾಡುವ ಕಿಣ್ವದಿಂದ (ಪಾಲಿಮರೇಸ್) 30–35 ಡಿಗ್ರಿಯಲ್ಲಿ ಗಂಟೆಗಟ್ಟಲೆ ಪ್ರತಿ ಮಾಡಿಸುತ್ತಾರೆ. ಕೆಂಪು ಕಣಗಳಲ್ಲಿ 0.03 ಶೇಕಡಾಕ್ಕಿಂತ ಹೆಚ್ಚು ಸೋಂಕು ಇದ್ದರೆ, ಎಂದರೆ ಸ್ಲೈಡಿನಲ್ಲಿ 200 ಬಿಳಿ ಕಣಕ್ಕೆ 40 ಪರಾವಲಂಬಿ, ಒಣ ಚುಕ್ಕೆಯಿಂದಲೂ ಒಳ್ಳೆಯ ಫಲ ಬರುತ್ತದೆ. ಅದಕ್ಕಿಂತ ಕೆಳಗಿಳಿದರೆ ಜೀನೋಮಿನಲ್ಲಿ ತೂತು ಬೀಳುತ್ತವೆ. ಫೈ29 ಉದ್ದ ಡಿಎನ್‌ಎಯ ಮೇಲೆ ಓಡುವ ಕುದುರೆ. ಬಿಸಿಲಿಗೆ ತುಂಡಾದ ಡಿಎನ್‌ಎ ಕೊಟ್ಟರೆ ಅದು ಓಡುವುದಿಲ್ಲ.

ಎಚ್ಚರಿಕೆ: ಈ ಹಿಗ್ಗಿಸುವಿಕೆ ಎಲ್ಲ ಕಡೆ ಒಂದೇ ಸಮ ನಡೆಯುವುದಿಲ್ಲ. ಆದ್ದರಿಂದ ಇಂಥ ದತ್ತಾಂಶದಿಂದ ಪ್ಲಾಸ್ಮೆಪ್ಸಿನ್ (ಪಿಪೆರಾಕ್ವಿನ್ ಮದ್ದಿನ ಪ್ರತಿರೋಧಕ್ಕೆ ನಂಟಿರುವ ಜೀನ್) ಅಥವಾ ಎಂಡಿಆರ್1 ಜೀನಿನ ಪ್ರತಿ ಎರಡಾಗಿದೆಯೇ ಎಂದು ಎಣಿಸಬೇಡಿ. ಅದಕ್ಕೆ ಮೂಲ ಡಿಎನ್‌ಎಯ ಮೇಲೆ ಪ್ರಮಾಣ ಅಳೆಯುವ ಪಿಸಿಆರ್ (ಕ್ಯುಪಿಸಿಆರ್) ಮಾಡಿ.

ಬೇರೆ ಜೀವಿಗೆ ಕೆಲಸ ಮಾಡುವ ಪಿಸಿಆರ್ ಇಲ್ಲಿ ಏಕೆ ಕೈಕೊಡುತ್ತದೆ?

ಫಾಲ್ಸಿಪಾರಂ ಜೀನೋಮಿನ ಸುಮಾರು 80 ಶೇಕಡಾ ಅಕ್ಷರಗಳು ಎ ಮತ್ತು ಟಿ. ಈ ಜೋಡಿಯ ಬಂಧ ಸಡಿಲ. 72 ಡಿಗ್ರಿಯಲ್ಲಿ ಪ್ರತಿ ಬೆಳೆಸಲು ಹೋದರೆ ಹೊಸ ಎಳೆ ಅಚ್ಚಿನಿಂದ ಕಳಚಿಕೊಳ್ಳುತ್ತದೆ. ಬೆಳೆಸುವ ಉಷ್ಣತೆಯನ್ನು 60–65ಕ್ಕೆ ಇಳಿಸಿ, ಸಮಯ ಹೆಚ್ಚಿಸಿ, ಎ–ಟಿ ತುಂಬಿದ ಡಿಎನ್‌ಎಗೆ ಹೊಂದುವ ಪಾಲಿಮರೇಸ್ ಬಳಸಿ, ಸುತ್ತುಗಳನ್ನು ಆದಷ್ಟು ಕಡಿಮೆ ಮಾಡಿ. ಇನ್ನೊಂದು ಮಾತು: ಚೆಲೆಕ್ಸ್ ಎಂಬ ರಾಳ ಹಾಕಿ ಕುದಿಸಿ ತೆಗೆದ ಡಿಎನ್‌ಎ ಅಗ್ಗ, ತುಣುಕು ಓದಲು ಸಾಕಷ್ಟಾಯಿತು. ಆದರೆ ಕುದಿಸಿದಾಗ ಎಳೆಗಳು ಬೇರ್ಪಡುವುದರಿಂದ ನೇರವಾಗಿ ಅಡಾಪ್ಟರ್ (ಯಂತ್ರ ಹಿಡಿಯುವ ತುದಿ) ಅಂಟಿಸಿ ಓದಲು ಸಿದ್ಧಮಾಡುವ ಲೈಬ್ರರಿಗೆ ಅದು ಒಗ್ಗುವುದಿಲ್ಲ. ಹೆಚ್ಚು ದಿನ ಬಾಳುವುದೂ ಇಲ್ಲ.

ಡಿಎನ್‌ಎ ಓದುವ ಯಂತ್ರಗಳಲ್ಲಿ ಇಲ್ಯುಮಿನಾ ಒಳ್ಳೆಯದೋ ನ್ಯಾನೋಪೋರ್ ಒಳ್ಳೆಯದೋ?

ನೂರಾರು ಮಾದರಿ ಒಮ್ಮೆಗೇ ಬರುತ್ತವೆ, ಅಲ್ಪಸಂಖ್ಯಾತ ತಳಿಯನ್ನೂ ಹಿಡಿಯಬೇಕು ಎಂದಾದರೆ ಇಲ್ಯುಮಿನಾ. ವಾರಕ್ಕೆ ಇಪ್ಪತ್ತು ಮೂವತ್ತು ಬರುತ್ತವೆ, ಲ್ಯಾಬ್ ದೂರದ ಊರಲ್ಲಿದೆ, ಫಲಿತಾಂಶ ಬೇಗ ಬೇಕು ಎಂದಾದರೆ ನ್ಯಾನೋಪೋರ್‌ನ ಮಿನಿಯಾನ್. ಅಂಗೈಯಷ್ಟು ಯಂತ್ರ, ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಆಯಿತು. ಆದರೆ ಎ ಎ ಎ ಎ ಎಂದು ಒಂದೇ ಅಕ್ಷರ ಸಾಲಾಗಿ ಬಂದಾಗ ನ್ಯಾನೋಪೋರ್ ಎಣಿಕೆ ತಪ್ಪುತ್ತದೆ, ಈ ಜೀನೋಮಿನಲ್ಲಿ ಅಂಥ ಸಾಲುಗಳೇ ಹೆಚ್ಚು. ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಅದು ಹೇಳಿದರೆ ಸುಲಭಕ್ಕೆ ನಂಬಬೇಡಿ.

ಯಂತ್ರಕ್ಕಿಂತ ಹೆಚ್ಚು ಕಾಡುವುದು ಸರಬರಾಜು. ಡಿಎನ್‌ಎ ಹಾಯುವ ರಂಧ್ರಗಳಿರುವ ಬಿಲ್ಲೆ, ಎಂದರೆ ಫ್ಲೋ ಸೆಲ್, 2–8 ಡಿಗ್ರಿಯಲ್ಲಿರಬೇಕು, ಆಯುಸ್ಸು ಕಡಿಮೆ, ಕಸ್ಟಮ್ಸ್‌ನಲ್ಲಿ ಕೂತರೆ ಅಲ್ಲೇ ಕಾಲ ಕಳೆಯುತ್ತದೆ. ಕೈಗೆ ಬಂದ ಕೂಡಲೇ ರಂಧ್ರಗಳ ಎಣಿಕೆ ಮಾಡಿ. ಮಿನಿಯಾನ್ ಫ್ಲೋ ಸೆಲ್ಲಿಗೆ 800ಕ್ಕಿಂತ ಕಡಿಮೆ ಬಂದರೆ ಬದಲಿ ಕೇಳಬಹುದು, ತಡಮಾಡಿದರೆ ಆ ಅವಕಾಶವೂ ಹೋಗುತ್ತದೆ. ಯುಪಿಎಸ್‌ಗೆ ಹಣ ಇಡದ ಯೋಜನೆ ನೋಡಿದರೆ ನಮಗೆ ಆಗಲೇ ಅನುಮಾನ.

ಯಾವ ಯಾವ ಕಂಟ್ರೋಲ್ ಇಡಬೇಕು?

ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ, ತಾಳೆ ನೋಡಲು ಇಡುವ ಮಾದರಿ. ಪ್ರತಿ ಪ್ಲೇಟಿನಲ್ಲೂ ಕನಿಷ್ಠ ಮೂರು. ಒಂದು, ಗೊತ್ತಿರುವ ತಳಿ, ಸಾಮಾನ್ಯವಾಗಿ 3ಡಿ7. 2002ರಲ್ಲಿ ಮೊದಲು ಓದಿದ ಜೀನೋಮ್ ಇದರದೇ. ಎರಡು, ಡಿಎನ್‌ಎ ಇಲ್ಲದ ಬರೀ ನೀರು. ಮೂರು, ಎರಡು ತಳಿಗಳನ್ನು ಗೊತ್ತಿರುವ ಪ್ರಮಾಣದಲ್ಲಿ, ಉದಾಹರಣೆಗೆ 95ಕ್ಕೆ 5ರಂತೆ, ಬೆರೆಸಿದ್ದು. ಚುಕ್ಕೆ ಕತ್ತರಿಸುವಾಗ ಸೋಂಕಿಲ್ಲದ ರಕ್ತದ ಕಾಗದವನ್ನೂ ನಡುನಡುವೆ ಕತ್ತರಿಸಿ ಕೊನೆತನಕ ಒಯ್ದರೆ ಪಂಚಿನ ಬಾಯಲ್ಲಿ ಅಂಟಿದ ರಕ್ತವೂ ಬಯಲಾಗುತ್ತದೆ.

ಬರೀ ನೀರು ಹಾಕಿದ ಪ್ಲೇಟಿನ ಗುಳಿಯಲ್ಲಿ ಓದುಗಳು (ಯಂತ್ರ ಓದಿದ ಡಿಎನ್‌ಎ ತುಣುಕುಗಳು) ಬಂದರೆ ಬಹುತೇಕ ಕಾರಣ ಪಿಸಿಆರ್ ಮುಗಿದ ಪ್ಲೇಟನ್ನು ಪಿಸಿಆರ್‌ಗೆ ಮುಂಚಿನ ಕೋಣೆಯಲ್ಲಿ ತೆರೆದದ್ದು. ಎರಡು ಕೋಣೆ, ಎರಡು ಸೆಟ್ ಪಿಪೆಟ್, ಎರಡು ಕೋಟು. ದಾರಿ ಒಂದೇ ದಿಕ್ಕಿಗೆ. ಮಡಿ ಮೈಲಿಗೆಯಷ್ಟೇ ಕಟ್ಟುನಿಟ್ಟು ಇರಲಿ, ಇಲ್ಲಿ ಅದಕ್ಕೆ ಕಾರಣವೂ ಇದೆ.

ಒಬ್ಬ ರೋಗಿಯಲ್ಲಿ ಹಲವು ತಳಿ ಇದ್ದರೆ?

ಸೋಂಕು ಹೆಚ್ಚಿರುವ ಆಫ್ರಿಕಾದ ಊರುಗಳಲ್ಲಿ ಅದೇ ಮಾಮೂಲು. ರಕ್ತದಲ್ಲಿ ಪರಾವಲಂಬಿಗೆ ಕ್ರೋಮೋಸೋಮುಗಳ ಒಂದೇ ಸೆಟ್ ಇರುತ್ತದೆ. ಒಂದೇ ಜಾಗದಲ್ಲಿ ಎರಡು ಅಕ್ಷರ ಕಂಡರೆ ಎರಡು ತಳಿ ಇವೆ ಎಂದರ್ಥ, ಅಥವಾ ದೋಷ. ತಳಿಯ ಶುದ್ಧತೆ ಅಳೆಯಲು ಎಫ್‌ಡಬ್ಲ್ಯುಎಸ್ ಎಂಬ ಸೂಚಿ ಇದೆ, 0.95ಕ್ಕಿಂತ ಹೆಚ್ಚಿದ್ದರೆ ಒಂದೇ ತಳಿ ಮೇಲುಗೈ ಎಂದು ಹಿಡಿಯುವುದು ವಾಡಿಕೆ.

ಅಲ್ಪಸಂಖ್ಯಾತ ತಳಿ ಹಿಡಿಯುವುದಕ್ಕೆ ಓದಿನ ಆಳ ಹೆಚ್ಚಿಸಿದರೆ ಸಾಕು ಎಂಬ ನಂಬಿಕೆ ತಪ್ಪು. ಮೈಕ್ರೋಲೀಟರಿಗೆ 10 ಪರಾವಲಂಬಿ ಇರುವ ರೋಗಿಯ 50 ಮೈಕ್ರೋಲೀಟರ್ ಚುಕ್ಕೆಯಲ್ಲಿ ಒಟ್ಟು 500 ಜೀನೋಮ್. ಅರ್ಧ ಚುಕ್ಕೆ ಕತ್ತರಿಸಿ 100 ಮೈಕ್ರೋಲೀಟರಿನಲ್ಲಿ ಕರಗಿಸಿ ಅದರಲ್ಲಿ 5 ಪಿಸಿಆರ್‌ಗೆ ಹಾಕಿದರೆ, ಏನೂ ನಷ್ಟವಾಗದಿದ್ದರೂ ಟ್ಯೂಬಿಗೆ ಬಿದ್ದದ್ದು ಹನ್ನೆರಡು ಜೀನೋಮ್. ಐದು ಶೇಕಡಾ ಇರುವ ತಳಿಯದು ಅದರಲ್ಲಿ ಒಂದೂ ಇಲ್ಲದಿರಬಹುದು. ಒಂದು ಲಕ್ಷ ಸಲ ಓದಿದರೂ ಇಲ್ಲದ್ದು ಕಾಣುವುದಿಲ್ಲ. ಎರಡು ಬೇರೆ ಬೇರೆ ಪಿಸಿಆರ್ ಮಾಡಿ, ಎರಡರಲ್ಲೂ ಕಂಡದ್ದನ್ನು ಮಾತ್ರ ಬರೆಯಿರಿ.

ದತ್ತಾಂಶ ಶುದ್ಧಿ ಮಾಡುವಾಗ ಯಾವುದನ್ನು ಮರೆಯಬಾರದು?

ಮನುಷ್ಯನ ಓದುಗಳನ್ನು ಮೊದಲು ಬೇರ್ಪಡಿಸಿ ತೆಗೆಯಿರಿ. ಸಾರ್ವಜನಿಕ ಭಂಡಾರಕ್ಕೆ ರೋಗಿಯ ಡಿಎನ್‌ಎ ಹೋದರೆ ಅದು ತಾಂತ್ರಿಕ ಲೋಪವಲ್ಲ, ನಂಬಿಕೆದ್ರೋಹ. ನಂತರ ಕ್ರೋಮೋಸೋಮುಗಳ ತುದಿಗಳನ್ನೂ, ಪರಾವಲಂಬಿ ವೇಷ ಬದಲಿಸಲು ಬಳಸುವ, ಸುಮಾರು 60ರಷ್ಟಿರುವ ವಾರ್ ಜೀನುಗಳನ್ನೂ ಬದಿಗಿಡಿ. ಅವು ಒಂದರಂತೆ ಒಂದಿದ್ದು ಓದುಗಳು ತಪ್ಪು ಜಾಗಕ್ಕೆ ಅಂಟುತ್ತವೆ. ಅಲ್ಲಿ ಕಾಣುವ 'ಹೊಸ ರೂಪಾಂತರ'ಗಳಲ್ಲಿ ಬಹುಪಾಲು ಈ ಭ್ರಮೆಯೇ. ಉಳಿಯುವ 2 ಕೋಟಿ ಚಿಲ್ಲರೆ ಅಕ್ಷರಗಳ ತಿರುಳು ಭಾಗ ನಂಬಲು ಅರ್ಹ.

ರ‍್ಯಾಪಿಡ್ ಟೆಸ್ಟ್‌ಗೆ ಸಿಗದ ತಳಿಯನ್ನು ಸಾಬೀತು ಮಾಡುವುದು ಹೇಗೆ?

ಹೆಚ್ಚಿನ ರ‍್ಯಾಪಿಡ್ ಟೆಸ್ಟ್‌ಗಳು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಹಿಡಿಯುತ್ತವೆ. ಆ ಜೀನೇ ಇಲ್ಲದ ಪರಾವಲಂಬಿಗಳು 2010ರಲ್ಲಿ ಪೆರುವಿನಿಂದ ವರದಿಯಾದವು. ಆಮೇಲೆ ಎರಿಟ್ರಿಯಾದಲ್ಲಿ ದೊಡ್ಡ ಪ್ರಮಾಣದಲ್ಲಿ ಸಿಕ್ಕಿ, ಆ ದೇಶ ಟೆಸ್ಟ್ ಕಿಟ್ ಬದಲಿಸಿತು. ಈ ಅಳಿಕೆಯಿಂದ ತಪ್ಪಿಹೋಗುವ ಪ್ರಕರಣಗಳು 5 ಶೇಕಡಾ ದಾಟಿದರೆ ಕಿಟ್ ಬದಲಿಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇಲ್ಲಿ ಹುಡುಕುವುದು 'ಇಲ್ಲ' ಎಂಬುದನ್ನು, ಅದಕ್ಕೇ ಇದು ಜಾರು ನೆಲ. ಪಿಸಿಆರ್‌ನಲ್ಲಿ ಆ ಜೀನಿನ ಗೆರೆ ಕಾಣದಿರಲು ಜೀನ್ ಇಲ್ಲದಿರಬೇಕೆಂದೇನಿಲ್ಲ, ಡಿಎನ್‌ಎ ಸಾಲದಿದ್ದರೂ ಹಾಗೇ. ಆದ್ದರಿಂದ ಅದೇ ಮಾದರಿಯಲ್ಲಿ ಒಂದೇ ಪ್ರತಿ ಇರುವ ಬೇರೆ ಎರಡು ಜೀನ್, ಎಂಎಸ್‌ಪಿ1 ಮತ್ತು ಎಂಎಸ್‌ಪಿ2, ಬರುತ್ತವೆಯೇ ನೋಡಿ. 18ಎಸ್ ಜೀನ್ ಬಂತು ಎಂದು ತೃಪ್ತಿಪಡಬೇಡಿ, ಅದಕ್ಕೆ ಹಲವು ಪ್ರತಿಗಳಿರುವುದರಿಂದ ಡಿಎನ್‌ಎ ಕಡಿಮೆಯಿದ್ದರೂ ಬರುತ್ತದೆ. ಎಚ್‌ಆರ್‌ಪಿ3 ಜೀನನ್ನೂ ನೋಡಬೇಕು. ಅದರ ಪ್ರೋಟೀನು ಎಚ್‌ಆರ್‌ಪಿ2ನಂತೆಯೇ ಇದ್ದು ಟೆಸ್ಟ್ ಗೆರೆಯನ್ನು ಕೆಲವೊಮ್ಮೆ ಉಳಿಸುತ್ತದೆ. ಎರಡು ತಳಿ ಬೆರೆತಿದ್ದರೆ ಜೀನ್ ಇರುವುದು ಇಲ್ಲದ್ದನ್ನು ಮುಚ್ಚಿಹಾಕುತ್ತದೆ.

ಎಷ್ಟು ಮಾದರಿ ಬೇಕು?

ಒಂದು ರೂಪಾಂತರ ಊರಿನಲ್ಲಿ 5 ಶೇಕಡಾ ಇದ್ದರೆ, ಒಂದಾದರೂ ಕಣ್ಣಿಗೆ ಬೀಳುವ ಸಾಧ್ಯತೆ 95 ಶೇಕಡಾ ಆಗಲು 59 ಮಾದರಿ ಬೇಕು. 1 ಶೇಕಡಾ ಇದ್ದರೆ 299. ಇದು ಓದಲು ಯಶಸ್ವಿಯಾದ ಮಾದರಿಗಳ ಸಂಖ್ಯೆ, ಸಂಗ್ರಹಿಸಿದವುಗಳದಲ್ಲ. ಮೂರಲ್ಲೊಂದು ವಿಫಲವಾಗುವ ಲ್ಯಾಬ್ ಆದರೆ 299ಕ್ಕೆ ಸುಮಾರು 450 ತೆಗೆಯಬೇಕು. ಒಂದೇ ಆಸ್ಪತ್ರೆಯಿಂದ 299 ತೆಗೆದು 'ರಾಜ್ಯದಲ್ಲಿ ಇಲ್ಲ' ಎಂದರೆ ಲೆಕ್ಕ ಸರಿ, ಮಾತು ತಪ್ಪು.

ಕೆಲ್ಚ್13ರಲ್ಲಿ ಬದಲಾವಣೆ ಸಿಕ್ಕಿತು. ಮದ್ದು ಸೋತಿತು ಎಂದು ಘೋಷಿಸಬಹುದೇ?

ಇಲ್ಲ. ಮೊದಲು, ಯಾವ ಬದಲಾವಣೆ? ಆಫ್ರಿಕಾದಲ್ಲಿ ಅಲ್ಲಲ್ಲಿ ಸಿಗುವ ಎ578ಎಸ್‌ಗೂ ಪ್ರತಿರೋಧಕ್ಕೂ ನಂಟಿಲ್ಲ. ಕಾಂಬೋಡಿಯಾದ ಸಿ580ವೈ ಪಕ್ಕದಲ್ಲೇ ಇದೆ, ಅದರ ನಂಟು ಖಚಿತ. ಎರಡು ಕೊಂಡಿ ಆಚೀಚೆಯಾದರೆ ಅರ್ಥವೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ದೃಢಪಟ್ಟದ್ದೋ, ಶಂಕಿತವೋ, ಪಟ್ಟಿಯಲ್ಲೇ ಇಲ್ಲವೋ ನೋಡಿ.

ಎರಡನೆಯದು, ಕೆಲ್ಚ್13 ಕೊಡುವುದು ಭಾಗಶಃ ಪ್ರತಿರೋಧ. ಪರಾವಲಂಬಿ ನಿಧಾನವಾಗಿ ಸಾಯುತ್ತದೆ, ಅಷ್ಟೆ. ಆರ್ಟಿಮಿಸಿನಿನ್ ಜೊತೆಗೆ ಕೊಡುವ ಜೊತೆಗಾರ ಮದ್ದು ಗಟ್ಟಿಯಾಗಿದ್ದರೆ ರೋಗಿ ಗುಣವಾಗುತ್ತಾನೆ. ಅನಾಹುತವಾಗುವುದು ಎರಡೂ ಒಟ್ಟಿಗೆ ಸೋತಾಗ. ಕಾಂಬೋಡಿಯಾದಲ್ಲಿ ಸಿ580ವೈ ಜೊತೆಗೆ ಪ್ಲಾಸ್ಮೆಪ್ಸಿನ್ ಜೀನುಗಳ ಹೆಚ್ಚುವರಿ ಪ್ರತಿ ಇದ್ದ ಒಂದೇ ವಂಶ ಹಬ್ಬಿ, ಡೈಹೈಡ್ರೋಆರ್ಟಿಮಿಸಿನಿನ್–ಪಿಪೆರಾಕ್ವಿನ್ ಸೋತು, ಆ ದೇಶ ಆರ್ಟಿಸುನೇಟ್–ಮೆಫ್ಲೋಕ್ವಿನ್‌ಗೆ ಮರಳಿತು. ಭಾರತದಲ್ಲೂ ಪಾಠ ಅದೇ. ಈಶಾನ್ಯ ರಾಜ್ಯಗಳಲ್ಲಿ ಆರ್ಟಿಸುನೇಟ್ ಜೊತೆಗಿದ್ದ ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ಸೋತದ್ದರಿಂದ 2013ರ ಔಷಧ ನೀತಿ ಅಲ್ಲಿಗೆ ಆರ್ಟಿಮೆಥರ್–ಲ್ಯುಮೆಫ್ಯಾಂಟ್ರಿನ್ ತಂದಿತು. ಹಾಗಾಗಿ ಇಲ್ಲಿ ಕೆಲ್ಚ್13 ಮಾತ್ರ ಓದಿ, ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ಪ್ರತಿರೋಧ ತೋರಿಸುವ ಡಿಎಚ್‌ಎಫ್‌ಆರ್, ಡಿಎಚ್‌ಪಿಎಸ್ ಬಿಡುವುದು ಅರ್ಧ ಕೆಲಸ.

ಸೋಂಕು ಸ್ಥಳೀಯವೋ ಹೊರಗಿನದೋ ಹೇಳಬಹುದೇ?

ಹೋಲಿಸಲು ಎರಡೂ ಕಡೆಯ ಜೀನೋಮ್ ಇದ್ದರೆ. ಮಂಗಳೂರಿನಂಥ ಊರನ್ನು ನೋಡಿ. ಕಟ್ಟಡ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರೂ ಇದ್ದಾರೆ, ನಿಂತ ನೀರಲ್ಲಿ ಹುಟ್ಟುವ ಅನಾಫಿಲಿಸ್ ಸ್ಟಿಫೆನ್ಸೈ ಸೊಳ್ಳೆಯೂ ಇದೆ. ಜ್ವರ ಬಂದ ಕಾರ್ಮಿಕನ ಪರಾವಲಂಬಿ ಅವನ ಊರಿನದೇ ಎಂದು ಹೇಳಲು ಆ ಊರಿನ ಮಾದರಿ ಬೇಕು. ಅದಿಲ್ಲದೆ ಮಂಗಳೂರಿನ ಮಾದರಿಗಳನ್ನಷ್ಟೇ ನೋಡಿದರೆ 'ಇಲ್ಲಿಯದಕ್ಕೆ ಹೋಲುವುದಿಲ್ಲ' ಎನ್ನಬಹುದು, 'ಎಲ್ಲಿಯದು' ಎನ್ನಲಾಗದು. ವಲಸಿಗರೇ ರೋಗ ತಂದರು ಎಂದು ಆಡಿಕೊಳ್ಳುವ ಬಾಯಿಗಳು ಮೊದಲೇ ಇರುವಾಗ ಇಂಥ ವರದಿ ಬರೆಯುವವರು ಪದ ತೂಗಬೇಕು. ಇದೇ ಸ್ಟಿಫೆನ್ಸೈ 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಪತ್ತೆಯಾಗಿದೆ. ಸೊಳ್ಳೆಯ ಜೀನೋಮ್ ಓದುವ ಕೆಲಸವೂ ಅದರಿಂದಾಗಿ ಜೋರಾಗಿದೆ.

ವೈವ್ಯಾಕ್ಸ್‌ಗೂ ಇದೇ ಕ್ರಮ ಸಾಲುತ್ತದೆಯೇ?

ಸಂಗ್ರಹದ ಮಟ್ಟಿಗೆ ಹೌದು. ಉಳಿದದ್ದು ಕಷ್ಟ. ಎಳೆಯ ಕೆಂಪು ಕಣಗಳನ್ನು ಮಾತ್ರ ಹೊಕ್ಕುವುದರಿಂದ ರಕ್ತದಲ್ಲಿ ಅದರ ಸಂಖ್ಯೆ ಕಡಿಮೆ, ಲ್ಯಾಬ್‌ನಲ್ಲಿ ಬೆಳೆಸಲೂ ಆಗುವುದಿಲ್ಲ. ಇನ್ನು ಯಕೃತ್ತಿನಲ್ಲಿ ಮಲಗಿ ತಿಂಗಳುಗಳ ಮೇಲೆ ಏಳುವ ಸ್ವಭಾವ. ಎರಡನೇ ಸಲದ ಜ್ವರ ಹಳೆಯ ಸೋಂಕು ಮರುಕಳಿಸಿದ್ದೋ, ಹೊಸ ಕಡಿತವೋ? ತದ್ರೂಪು ಸಿಕ್ಕರೆ ಮರುಕಳಿಕೆ ಅಥವಾ ಮದ್ದಿನ ಸೋಲು ಎನ್ನಬಹುದು. ಬೇರೆ ತಳಿ ಸಿಕ್ಕರೂ ಹೊಸದೆನ್ನಲಾಗದು, ಹಿಂದೆಂದೋ ಕಡಿದ ಸೊಳ್ಳೆ ಬಿಟ್ಟುಹೋದ ಇನ್ನೊಂದು ತಳಿ ಈಗ ಎದ್ದಿರಬಹುದು. ಒಡಹುಟ್ಟಿನಷ್ಟು ಹತ್ತಿರ ಬಂದರೆ ಒಂದೇ ಕಡಿತದಲ್ಲಿ ಬಂದವು ಎಂಬ ಊಹೆಗೆ ಬಲ. ಯಕೃತ್ತಿನಲ್ಲಿ ಮಲಗಿದವನ್ನು ಕೊಲ್ಲುವ ಪ್ರೈಮಾಕ್ವಿನ್ ಪೂರ್ತಿ ನುಂಗಿದರೇ ಎಂಬುದು ಚೀಟಿಯಲ್ಲಿಲ್ಲದಿದ್ದರೆ ಜೀನೋಮಿನಿಂದ ಉಪಯೋಗವಿಲ್ಲ.

ಲಸಿಕೆ ಬಂದ ಮೇಲೂ ಇದು ಬೇಕೇ?

ಬೇಕು. ಆರ್‌ಟಿಎಸ್,ಎಸ್ ಲಸಿಕೆ ಮಾಡಿದ್ದು 3ಡಿ7 ತಳಿಯ ಸಿಎಸ್‌ಪಿ ಪ್ರೋಟೀನಿನಿಂದ. ಆಫ್ರಿಕಾದ ಪರೀಕ್ಷೆಯಲ್ಲಿ 5ರಿಂದ 17 ತಿಂಗಳ ಮಕ್ಕಳಲ್ಲಿ, ಲಸಿಕೆಯ ತಳಿಗೆ ಹೊಂದುವ ಪರಾವಲಂಬಿಯ ವಿರುದ್ಧ ರಕ್ಷಣೆ 50.3 ಶೇಕಡಾ, ಹೊಂದದವುಗಳ ವಿರುದ್ಧ 33.4 ಶೇಕಡಾ ಎಂದು 2015ರಲ್ಲಿ ಪ್ರಕಟವಾಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಗುರಿಯಿಡುವುದೂ ಅದೇ ಪ್ರೋಟೀನಿಗೆ.

ರೋಗಿಗೆ ಅವನ ಫಲಿತಾಂಶ ಕೊಡುತ್ತೀರಾ?

ಇಲ್ಲ. ಓದಿ ಮುಗಿಯುವ ಹೊತ್ತಿಗೆ ಅವನ ಚಿಕಿತ್ಸೆ ಮುಗಿದು ವಾರಗಳಾಗಿರುತ್ತವೆ. ಇದನ್ನು ಒಪ್ಪಿಗೆ ಪತ್ರದಲ್ಲೇ, ಅವನ ಭಾಷೆಯಲ್ಲಿ ಹೇಳಿ.

ಒಪ್ಪಿಗೆ, ಅನುಮತಿ, ದತ್ತಾಂಶ ಹಂಚಿಕೆ ಹೇಗೆ?

ಒಪ್ಪಿಗೆ ಪತ್ರದಲ್ಲಿ ಮೂರು ಸಂಗತಿ ಬಿಡಿಬಿಡಿಯಾಗಿರಲಿ: ಪರಾವಲಂಬಿಯ ಡಿಎನ್‌ಎ ಓದುವುದು, ಉಳಿದ ರಕ್ತವನ್ನು ಮುಂದಿನ ಅಧ್ಯಯನಕ್ಕೆ ಇಡುವುದು, ರೋಗಿಯ ಸ್ವಂತ ಡಿಎನ್‌ಎ ನೋಡುವುದು. ಮೂರನೆಯದು ಬೇಡವಾದರೆ ಕೇಳಲೇಬೇಡಿ. ಭಾರತದಿಂದ ವಿದೇಶಿ ಸಹಯೋಗದಲ್ಲಿ ಮಾದರಿ ಕಳಿಸುವುದಾದರೆ ಸಾಂಸ್ಥಿಕ ನೈತಿಕ ಸಮಿತಿಯ ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ, ಮತ್ತು ಸಾಮಗ್ರಿ ವರ್ಗಾವಣೆ ಒಪ್ಪಂದ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮಳೆಗಾಲದ ಮಾದರಿ ಬೇಕಾದವರು ಹಿಂದಿನ ವರ್ಷವೇ ಅರ್ಜಿ ಹಾಕಬೇಕು.

ಹಂಚಿಕೆಯಲ್ಲಿ ಹಳ್ಳಿಯ ಹೆಸರು ಬೇಡ, ಜಿಲ್ಲೆ ಸಾಕು. ಮಾದರಿ ತೆಗೆದವರ ಹೆಸರು ಲೇಖಕರ ಪಟ್ಟಿಯಲ್ಲಿರಲಿ, ಕೃತಜ್ಞತೆಯ ಸಾಲಿನಲ್ಲಲ್ಲ. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾ ಒಮಿಕ್ರಾನ್ ಜೀನೋಮನ್ನು ತಡಮಾಡದೆ ಜಗತ್ತಿನ ಮುಂದಿಟ್ಟವು. ಕೆಲವೇ ದಿನಗಳಲ್ಲಿ ಅವರಿಗೆ ಸಿಕ್ಕಿದ್ದು ವಿಮಾನ ನಿಷೇಧ. ದತ್ತಾಂಶ ಏಕೆ ಬೇಗ ಹಂಚುವುದಿಲ್ಲ ಎಂದು ಬಡ ದೇಶಗಳ ಮೇಲೆ ಸಿಡುಕುವವರು ಇದನ್ನು ನೆನಪಿಡಲಿ.

ಸ್ವಂತ ಮಾದರಿ ಇಲ್ಲ, ಕಲಿಯುವುದು ಹೇಗೆ?

ಮಲೇರಿಯಾಜೆನ್ ಜಾಲ 2023ರಲ್ಲಿ ಬಿಡುಗಡೆ ಮಾಡಿದ ಪಿಎಫ್7 ದತ್ತಾಂಶದಲ್ಲಿ 33 ದೇಶಗಳ 20,864 ಮಾದರಿಗಳಿವೆ, ಗುಣಮಟ್ಟದ ಜರಡಿ ದಾಟಿದವು 16,203. ಉಚಿತ. ಮೊದಲ ಅಭ್ಯಾಸವಾಗಿ ಕಾಂಬೋಡಿಯಾ ಮತ್ತು ಘಾನಾದ ಮಾದರಿಗಳನ್ನು ಮಾತ್ರ ಆರಿಸಿ, ಸಿ580ವೈ ಎಷ್ಟು ಪಾಲು ಎಂದು ವರ್ಷವಾರು ಎಣಿಸಿ. ಆಮೇಲೆ ಎರಡೂ ದೇಶಗಳ ಎಫ್‌ಡಬ್ಲ್ಯುಎಸ್ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಬೆರಕೆ ಸೋಂಕು ಹೆಚ್ಚು ಎಂದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಜರಡಿ ದಾಟದ ನಾಲ್ಕು ಸಾವಿರ ಚಿಲ್ಲರೆ ಮಾದರಿಗಳ ಪಟ್ಟಿ ತೆರೆದು ಪ್ರತಿಯೊಂದಕ್ಕೂ ಕೊಟ್ಟ ಕಾರಣ ಓದಿ. ಮಾದರಿ ಸಂಗ್ರಹಕ್ಕೆ ಹೊರಡುವ ಮುಂಚೆ ಮಾಡಬಹುದಾದ ಅತಿ ಅಗ್ಗದ ತರಬೇತಿ ಅದು.